ಎಡಗೈಯ ಕೀಗಳು

ಅರ್ಪಿತ ಎಡಗೈಯಿಂದ ಎಫ್-ಟೂ ಒತ್ತಿದಳು. ಲಗ್ನಪತ್ರಿಕೆ ಪ್ರಿಂಟಿಗೆ ಹೋಗಬೇಕಿತ್ತು, ಹೋಗಲಿಲ್ಲ. ಇನ್ನೊಂದು ಕೀ ಒತ್ತಿದಳು. ಅದೂ ಕೆಲಸ ಮಾಡಲಿಲ್ಲ. ಸ್ಕೂಟರ್ ಅಪಘಾತದಲ್ಲಿ ಬಲಗೈ ಸ್ವಾಧೀನ ತಪ್ಪಿದ ಮೇಲೆ, ಎಲ್ಲವೂ ಒಂದೇ ಕೈಗೆ ಸಿಗುವಂತೆ ಅವಳೇ ಹೊಂದಿಸಿಕೊಂಡಿದ್ದ ಶಾರ್ಟ್‌ಕಟ್‌ಗಳು ಅವು.

"ನಾನೇ ತೆಗೆದೆ," ಎಂದ ಜಯನಗರದ ಆ ಡಿಟಿಪಿ ಅಂಗಡಿಯ ಮಾಲೀಕ ಕೆಂಪರಾಜು. "ಹೊಸ ಹುಡುಗಿಗೆ ಕನ್‌ಫ್ಯೂಸ್ ಆಗ್ತಿತ್ತು. ನೀನೂ ಎಲ್ರ ಥರ ಅಭ್ಯಾಸ ಮಾಡ್ಕೊಮ್ಮ. ಎಷ್ಟು ದಿನ ಅಂತ ನಾವು ಅಡ್ಜಸ್ಟ್ ಮಾಡ್ಕೊಳ್ಳೋದು?"

ಅರ್ಪಿತಳ ಮೈಯೆಲ್ಲ ಉರಿಯಿತು. ಎದ್ದು ಕುರ್ಚಿಯನ್ನು ಅವನತ್ತ ತಳ್ಳಿದಳು. "ಕೂತ್ಕೊಳ್ಳಿ ಸಾರ್. ಬಲಗೈ ಜೇಬಲ್ಲಿಟ್ಕೊಳ್ಳಿ. ಈಗ ಪ್ರಿಂಟ್ ಕೊಡಿ."

ಕೌಂಟರಿನಲ್ಲಿ ಗಿರಾಕಿಗಳು ನೋಡುತ್ತಿದ್ದರು. ಕೆಂಪರಾಜು ನಗುತ್ತಲೇ ಬಲಗೈ ಜೇಬಿಗಿಳಿಸಿ ಕುಳಿತ. ಆ ಸಾಫ್ಟ್‌ವೇರಿನಲ್ಲಿ ಪ್ರಿಂಟಿಗೆ ಮೂರು ಕೀ ಒಟ್ಟಿಗೆ ಒತ್ತಬೇಕು; ಕಂಟ್ರೋಲ್, ಶಿಫ್ಟ್ ಎರಡನ್ನೂ ಒತ್ತಿ ಹಿಡಿದ ಎಡಗೈ ‘ಪಿ’ಯತ್ತ ಚಾಚಿತು, ಎಟುಕಲಿಲ್ಲ. ಇನ್ನಷ್ಟು ಚಾಚಿದಾಗ ಕಂಟ್ರೋಲ್ ಜಾರಿ, ವರನ ಹೆಸರಿನ ನಡುವೆ ‘ಪಿ’ ಬಂದು ಕುಳಿತಿತು. ಅವನ ನಗು ನಿಂತಿತು.

"ಸರಿ ಬಿಡಮ್ಮ, ಮೊದಲಿನಂಗೇ ಮಾಡ್ಕೊಡ್ತೀನಿ," ಎಂದು ಸೆಟ್ಟಿಂಗ್ಸ್ ತೆರೆದ. ಬಲಗೈ ಮೆಲ್ಲಗೆ ಜೇಬಿನಿಂದ ಹೊರಬರತೊಡಗಿತು.

"ಅದು ಒಳಗೇ ಇರ್ಲಿ ಸಾರ್," ಎಂದಳು ಅರ್ಪಿತ. "ಎಲ್ಲಾನೂ ಒಂದೇ ಕೈಲಿ ಮಾಡಿ."