ಕೂಡದ ಮೂಲೆಗಳು

ಕಂಪ್ಯೂಟರ್ ಮೂರನೇ ಸಲವೂ 'ಕೂಡದ ಮೂಲೆಗಳು: ಸೊನ್ನೆ' ಎಂದು ತೋರಿಸಿದಾಗ ಗೆರೆ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. "ಹಸಿ ಸುಳ್ಳು ಹೇಳ್ತಿದೆ ಇದು!"

ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಸೊಸೆ ತಲೆಯೆತ್ತಿದಳು. ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಎರಡು ತಿಂಗಳಿಂದ ಭಾನುವಾರ ಬೆಳಗಾದರೆ ಮಾವನಿಗೂ ಪ್ರೋಗ್ರಾಮ್ ಬರೆಯುವುದನ್ನು ಹೇಳಿಕೊಡುತ್ತಿದ್ದಳು. ಅರವತ್ತರ ಹತ್ತಿರದ ಮನುಷ್ಯ ಬೆರಳಿಟ್ಟು ಆವರಣ ಚಿಹ್ನೆ ಎಣಿಸುವುದನ್ನು ಕಂಡು ಮೊದಮೊದಲು ನಗುತ್ತಿದ್ದಳು. ಕಾರಣ ತಿಳಿದ ಮೇಲೆ ನಗಲಿಲ್ಲ.

ಕಾರಣ ಮೇಷ್ಟ್ರ ಬಲಗೈ. ಸ್ಕೇಲಿಲ್ಲದೆ ನೆಟ್ಟಗೆ ಗೆರೆ ಎಳೆದು 'ಗೆರೆ ಮೇಷ್ಟ್ರು' ಎಂಬ ಅಡ್ಡಹೆಸರು ಗಳಿಸಿಕೊಟ್ಟ ಕೈ ಒಂದು ವರ್ಷದಿಂದ ನಡುಗುತ್ತಿತ್ತು. ಆಫೀಸಿನಲ್ಲಿ ಕಟ್ಟಡದ ನಕ್ಷೆ ಬರೆಯುವಾಗ ಮೌಸ್ ಕೂದಲೆಳೆಯಷ್ಟು ಜಾರಿದರೂ ಸಾಕು, ಗೋಡೆಯ ಗೆರೆ ಪರದೆಯ ಮೇಲಿನ ಪಕ್ಕದ ಚುಕ್ಕೆಗೆ ಅಂಟಿಕೊಂಡು ಮೂಲೆ ಬಾಯಿಬಿಟ್ಟಿರುತ್ತದೆ. ಇಷ್ಟು ದಿನ ಹೇಗೋ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಿದ್ದ ದಿನ ಕೆಲಸಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ. ಅದಕ್ಕೇ ಅಂಥ ಮೂಲೆಗಳನ್ನು ತಾನೇ ಹುಡುಕಿ ಕೂಡಿಸುವ ಪುಟ್ಟ ಪ್ರೋಗ್ರಾಮೊಂದನ್ನು ಗುಟ್ಟಾಗಿ ಬರೆದು, ಪರೀಕ್ಷೆಗೆಂದು ಆಫೀಸಿನಿಂದ ಈ ಒಂದು ವರ್ಷದಲ್ಲಿ ತಾವು ಬರೆದ ನಕ್ಷೆಗಳನ್ನು ತಂದಿದ್ದರು.

"ಮಾವ, ಬೇಕಂತಲೇ ಒಂದು ತಪ್ಪು ಮಾಡಿ ನೋಡಿ."

"ನಾನು ಬೇಕಂತ ಬೇರೆ ಮಾಡಬೇಕೇನಮ್ಮ?" ಎನ್ನುತ್ತ ಮೇಷ್ಟ್ರು ನಾಲ್ಕು ಗೆರೆಯ ಒಂದು ಕೋಣೆ ಬರೆದರು. 'ಕೂಡದ ಮೂಲೆಗಳು: ಮೂರು' ಎಂದಿತು ಕಂಪ್ಯೂಟರ್. ಕಣ್ಣು ಮಿಟುಕಿಸುವಷ್ಟರಲ್ಲಿ ಮೂರೂ ಕೂಡಿಕೊಂಡವು.

"ನೋಡಿದ್ರಾ, ಪ್ರೋಗ್ರಾಮ್ ಸರಿಯಾಗಿದೆ. ನಿಮ್ಮ ನಕ್ಷೆಗಳಲ್ಲೇ ತಪ್ಪಿಲ್ಲ."

"ನನ್ನ ಕೈ ನನಗೆ ಗೊತ್ತಿಲ್ವೇ!"

ಸೊಸೆ ಬಗ್ಗಿ ಒಂದು ನಕ್ಷೆಯ ವಿವರ ತೆರೆದಳು. ಕೊನೆಯ ಸಲ ಸೇವ್ ಆಗಿದ್ದು ಸಂಜೆ ಆರೂ ನಲವತ್ತಕ್ಕೆ. ಮತ್ತೊಂದು ಏಳಕ್ಕೆ. ಮೇಷ್ಟ್ರು ಐದೂವರೆಗೆಲ್ಲ ಚೀಲ ಹೆಗಲಿಗೇರಿಸುವವರು. ಸೇವ್ ಮಾಡಿದವರ ಜಾಗದಲ್ಲಿ ಪ್ರತಿಸಲವೂ ಒಂದೇ ಹೆಸರು, ಆಫೀಸಿನಲ್ಲಿ ಅವರ ಪಕ್ಕದ ಮೇಜಿನವಳದು. ಮೇಷ್ಟ್ರಿಗೆ ಆಮೇಲೆ ತಿಂಡಿ ಸೇರಲಿಲ್ಲ.

ಮರುದಿನ ಬೇರೆಯವರು ಬರುವ ಮೊದಲೇ ಹೋಗಿ ಅವಳ ಮೇಜಿನ ಮುಂದೆ ನಿಂತರು. "ನಾನು ಹೋದ ಮೇಲೆ ನನ್ನ ನಕ್ಷೆ ತಿದ್ತಿದ್ದೀಯಾ?"

ಪಕ್ಕದ ಮೇಜಿನವಳು ಕೀಬೋರ್ಡಿನ ಧೂಳು ಒರೆಸುತ್ತಲೇ ಇದ್ದಳು. "ತಿದ್ದೋದೇನು ಬಂತು. ಮೂಲೆ ಕೂಡಿಸ್ತೀನಿ, ಅಷ್ಟೇ."

"ಎಷ್ಟು ದಿನದಿಂದ?"

"ವರ್ಷ ಆಯ್ತೇನೋ."

ವರ್ಷವಿಡೀ ಇವಳ ಮನೆಯವರು ಇವಳಿಗಾಗಿ ಬಾಗಿಲು ನೋಡುತ್ತ ಕೂತಿರಬೇಕು ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಆ ಋಣ ಈಗಿಂದೀಗಲೇ ತೀರಿಸುವವರ ಹಾಗೆ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. "ಇನ್ಮೇಲೆ ನೀನು ಕೂರೋದು ಬೇಡಮ್ಮ. ಎರಡು ತಿಂಗಳು ಕಷ್ಟಪಟ್ಟು ಕಲಿತು ಇದಕ್ಕೊಂದು ಪ್ರೋಗ್ರಾಮ್ ಬರೆದಿದ್ದೀನಿ. ಎಲ್ಲಾ ಅದೇ ನೋಡ್ಕೊಳ್ಳುತ್ತೆ."

ಅವಳು ಪೆನ್‌ಡ್ರೈವನ್ನು ನೋಡಿದಳು, ಅದನ್ನು ಹಿಡಿದು ನಡುಗುತ್ತಿದ್ದ ಕೈಯನ್ನೂ ನೋಡಿದಳು. ಹನ್ನೆರಡು ವರ್ಷ ಪಕ್ಕದಲ್ಲೇ ಕೂತವಳಿಗೆ ಈಗ ಮೊದಲ ಸಲ ಸಿಟ್ಟು ಬಂದಿತ್ತು.

"ಕಂಪ್ಯೂಟರಿಗೆ ಹೇಳೋಕೆ ಎರಡು ತಿಂಗಳು ಕಲಿತ್ರಿ, ಮೇಷ್ಟ್ರೇ. ನನಗೆ ಹೇಳೋಕೆ ಏನು ಕಲೀಬೇಕಾಗಿತ್ತು?"