ಜಾಕೆಟ್ಟಿನ ಗಂಟು

ಮಾಗಿಯ ಬೆಳಗು, ಜಲಾಶಯದ ನೀರು ಮುಟ್ಟಿದರೆ ಚುಚ್ಚುತ್ತಿತ್ತು. ಮೀನಿಗೆ ಹೊರಟ ದುರುಗಪ್ಪನ ಎದೆಗೆ ಹೆಂಡತಿ ಹುಲಿಗೆವ್ವ ಎಂದಿನಂತೆ ಲೈಫ್ ಜಾಕೆಟ್ ಕಟ್ಟಿ ಕಳಿಸಿದಳು. ದಡ ಮರೆಯಾದೊಡನೆ ಅದನ್ನು ಬಿಚ್ಚಿ, ಮರಳುವಾಗ ತೊಡುವುದು ಅವನ ಗುಟ್ಟು. ಅವತ್ತು ಜಾಕೆಟ್ಟಿನ ದಾರಕ್ಕೆ ಅವಳು ಹಾಕಿದ್ದು ಬಲೆ ಹೆಣೆಯುವ ಬಿಗಿ ಗಂಟು, ಬಿಚ್ಚಲು ಬರಲೇ ಇಲ್ಲ. ಹಲ್ಲಿನಿಂದ ಎಳೆಯಲು ಬಗ್ಗಿದ್ದೇ ತೆಪ್ಪ ವಾಲಿ ನೀರಿಗೆ ಬಿದ್ದ. ಕೈಕಾಲು ಮರಗಟ್ಟಿ ಈಜೇ ಬರಲಿಲ್ಲ. ಜಾಕೆಟ್ಟು ತೇಲಿಸಿತು, ಪಕ್ಕದ ತೆಪ್ಪದವರು ಎಳೆದು ತಂದರು.

ಕಂಬಳಿಯೊಳಗೆ ನಡುಗುತ್ತಲೇ ಅವನು ಹೆಂಡತಿಯ ಮೇಲೆ ಹರಿಹಾಯ್ದ.

"ಇವತ್ತ್ಯಾಕ ಬಲಿ ಗಂಟು ಹಾಕಿದಿ? ನಾ ಬಿಚ್ಚತೀನಂತ ಯಾವನು ಚಾಡಿ ಹೇಳಿದ?"

ಹುಲಿಗೆವ್ವ ಬಿಸಿ ಚಹಾ ಕೈಗಿಟ್ಟಳು.

"ಯಾರೂ ಹೇಳಿಲ್ರಿ. ಎದಿಗೆ ಕಟ್ಟಿ ಕಳಿಸಿದ ಜಾಕೆಟ್ಟು ದಿನಾ ನಿಮ್ಮ ಕುಂಡಿ ಆಕಾರಕ್ಕ ಬಂದು ಮನಿ ಸೇರತಿತ್ತಲ್ಲ!"