ಮನೆ ನೋಡಲು ಬಂದವರು

“ಆ ಮೂಲೇಲಿ ಮಾತ್ರ ಮಂಚ ಹಾಕ್ಬೇಡಿ,” ಎಂದು ಉಮಾಶಂಕರ ದನಿ ತಗ್ಗಿಸಿದ.

ಮನೆ ಕೊಳ್ಳಲು ಬೆಂಗಳೂರಿನಿಂದ ಬಂದಿದ್ದ ಗಂಡ ಹೆಂಡತಿ ಮೂಲೆಯತ್ತ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದೇ ಅವರಿಗೆ ಭಯ ಹುಟ್ಟಿಸಿತು.

“ಯಾಕೆ ಸಾರ್?”

“ಏನಿಲ್ಲ ಬಿಡಿ. ನಮಗೆ ಅಭ್ಯಾಸ ಆಗೋಗಿದೆ.”

ಇಬ್ಬರೂ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಮುಂದಿನ ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಆದರೂ ಸ್ಟೇಷನ್ನಿನಲ್ಲೇ ಕಾಯುತ್ತೇವೆಂದು ಹೊರಟರು.

ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿಯ ಆ ಮನೆಯಲ್ಲಿ ಉಮಾಶಂಕರ ಬಾಡಿಗೆಗಿದ್ದ. ಮಾಲೀಕರು ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ ದೇವೀರಪ್ಪನವರು. ಬೆಂಗಳೂರಿನಲ್ಲಿ ಬಚ್ಚಲುಮನೆಯೂ ಸಿಗದ ದುಡ್ಡಿಗೆ ಇಲ್ಲಿ ಇಡೀ ಮನೆ ಸಿಗುತ್ತದೆಂದು ಜನ ರೈಲು ಹತ್ತಿ ಬರತೊಡಗಿದ ಮೇಲೆ, ಅವರಿಗೂ ಮಾರುವ ಆಸೆ ಹುಟ್ಟಿತ್ತು. ಗಿರಾಕಿಯ ಕಣ್ಣಲ್ಲಿ ಆಸೆ ಕಂಡರೆ ನಿಂತಲ್ಲೇ ರೇಟು ಏರಿಸುವ ಪೈಕಿ ಅವರು.

ಮಾರಿದರೆ ಉಮಾಶಂಕರ ಖಾಲಿ ಮಾಡಬೇಕು. ಹೋಗುವುದೆಲ್ಲಿಗೆ? ಊರಲ್ಲಿ ಬಾಡಿಗೆಗಳು ಗಗನಕ್ಕೇರಿದ್ದವು. ಅದನ್ನಾದರೂ ಹೇಗೋ ಹೊಂದಿಸಬಹುದಿತ್ತು. ಆದರೆ ಬಾಗಿಲಲ್ಲೇ ನಿಲ್ಲಿಸಿ “ನೀವು ಯಾವ ಜನ?” ಎಂದು ಕೇಳಿ, ಉತ್ತರ ಸಿಕ್ಕ ಮೇಲೆ “ಅಯ್ಯೋ, ನಿನ್ನೆ ತಾನೇ ಅಡ್ವಾನ್ಸ್ ತಗೊಂಡ್ಬಿಟ್ವಿ” ಎನ್ನುವ ಮನೆಗಳನ್ನು ಅವನು ಬೇಕಾದಷ್ಟು ಕಂಡಿದ್ದ. ದೇವೀರಪ್ಪನವರು ಕೇಳಿದ್ದು ಬಾಡಿಗೆಯೊಂದನ್ನೇ. ಅದಕ್ಕೇ ಅವನಿಗೆ ಈ ಮನೆಯೆಂದರೆ ಪ್ರಾಣ. ಪ್ರಾಣವಾದ್ದರಿಂದಲೇ ಬಂದವರೆದುರೆಲ್ಲ ಅದನ್ನು ಬಾಯ್ತುಂಬ ಹಳಿಯುತ್ತಿದ್ದ.

ಹೆಂಡತಿ ಲತಾಮಣಿ ಸರ್ಕಾರಿ ಶಾಲೆಯ ಟೀಚರ್. ಸುಳ್ಳು ಹೇಳಿದ ಮಕ್ಕಳನ್ನು ಬಾಗಿಲಾಚೆ ನಿಲ್ಲಿಸುವವಳು ಗಂಡನನ್ನು ಮಾತ್ರ ತಡೆಯಲಿಲ್ಲ. “ದೆವ್ವ ಹಳೇದಾಯ್ತು ರೀ, ಗೆದ್ದಲು ಅನ್ನಿ,” ಎಂದು ಒಮ್ಮೆ ಸಲಹೆಯನ್ನೂ ಕೊಟ್ಟಳು. ಬಂದವರು ಕಾಲ್ಕಿತ್ತ ಮೇಲೆ ಪ್ರತಿ ಸಲವೂ ಅವಳದು ಒಂದೇ ಪ್ರಶ್ನೆ.

“ದೇವೀರಪ್ಪನವರು ಬೆಲೆ ಇಳಿಸಿದ್ರಾ?”

“ಇಳಿಸಿದ್ರೆ ನಮಗೇನೇ? ಸ್ವಂತ ಮನೆ ಅಂದ್ರೆ ಸ್ವಂತ ತಲೆನೋವು ಕಣೇ,” ಎಂದು ಅವನು ನಗುತ್ತಿದ್ದ. ಕೈಗೆಟುಕದ ದ್ರಾಕ್ಷಿ ಹುಳಿ. ಈ ಸಿದ್ಧಾಂತವನ್ನು ಕ್ಷೌರದಂಗಡಿಯಿಂದ ಕೊಬ್ಬರಿ ಮಂಡಿಯವರೆಗೆ ಎಲ್ಲರಿಗೂ ಸಾರಿಯಾಗಿತ್ತು. ಅವನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ.

ಕೊನೆಗೊಂದು ಸಂಜೆ ದೇವೀರಪ್ಪನವರ ಫೋನು ಬಂತು.

“ವ್ಯಾಪಾರ ಕುದುರ್ತು ಕಣ್ರೀ. ಯಾರೋ ಪುಣ್ಯಾತ್ಮರು ದೆವ್ವ ಐತೆ ಅಂತ ಹಬ್ಸಿ, ಮನೆ ಕೇಳೋರೇ ಇಲ್ದಂಗಾಗಿತ್ತು. ಸಿಕ್ಕಿದ್ ರೇಟಿಗೆ ಒಪ್ಕೊಂಡೆ. ನೀವೇನೂ ಗಾಬ್ರಿ ಆಗ್ಬೇಡಿ.”

“ಯಾರಿಗೆ ಸಾರ್?” ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಕತ್ತು ಹಿಸುಕಿ, ಗಾಬರಿಯಾಗಬೇಡ ಎನ್ನುವುದು ಯಾವ ಊರ ನ್ಯಾಯ! ಉಮಾಶಂಕರ ಅಂದು ಊಟ ಬಿಟ್ಟ. ಲತಾಮಣಿ ಎರಡು ಸಲ ಬಡಿಸಿಕೊಂಡು ಉಂಡಳು. ಹೆಂಗಸರ ಗುಂಡಿಗೆ ಗಟ್ಟಿ ಎಂದುಕೊಂಡು ಅವನು ಮಗ್ಗುಲಾದ.

ಬುಧವಾರ ಆಫೀಸಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹೊಟ್ಟೆನೋವೆಂದು ರಜೆ ಹಾಕಿ ಬಂದರೆ, ಪಕ್ಕದ ಮನೆಯ ಸಣ್ಣತಾಯಮ್ಮ ಅವನ ಮನೆಯ ಬೀಗದಕೈ ಹಿಡಿದು ಜಗಲಿಯಲ್ಲಿ ಕೂತಿದ್ದಳು.

“ಯಾರೋ ಮನೆ ನೋಡಾಕೆ ಬತ್ತಾರಂತೆ. ತಗ್ದು ತೋರ್ಸು ಅಂದವ್ರೆ.”

ದೇವೀರಪ್ಪನವರು ತನ್ನ ಬೆನ್ನ ಹಿಂದೆ ಈ ಕೆಲಸವನ್ನೂ ಮಾಡಿದ್ದಾರೆಂದು ಅವನಿಗೆ ಮೈಯೆಲ್ಲ ಉರಿಯಿತು. “ನಾನೇ ತೋರಿಸ್ತೀನಿ, ನೀವು ಹೋಗಿ ಮಲಕ್ಕೊಳ್ಳಿ,” ಎಂದು ಬೀಗದಕೈ ಕಸಿದುಕೊಂಡ.

ಬಂದವನು ಹಿಂದಿನವರಂತಿರಲಿಲ್ಲ. ವಾಸ್ತು ಕೇಳಲಿಲ್ಲ, ನೀರು ಕೇಳಲಿಲ್ಲ. ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿದ. ತಾರಸಿಯ ಫೋಟೋ ತೆಗೆದ. ಹಲ್ಲಿಯಂತೆ ಗೋಡೆ ಬಿಟ್ಟು ಕದಲಲಿಲ್ಲ.

“ಇಲ್ಲಿ ದೆವ್ವ ಇದೆ,” ಎಂದ ಉಮಾಶಂಕರ, ಪೀಠಿಕೆಯಿಲ್ಲದೆ.

“ಇರಲಿ ಸಾರ್. ಅದು ನಮ್ಮ ಲೆಕ್ಕಕ್ಕೆ ಬರಲ್ಲ.”

“ಗೆದ್ದಲೂ ಇದೆ.”

“ಎಲ್ಲಿ, ತೋರಿಸಿ.”

ಉಮಾಶಂಕರ ಮಾತು ತಿರುಗಿಸಿದ. “ಮನೆ ತಗೊಳ್ತಿರೋರು ನೀವೇನಾ?”

“ನಾನಲ್ಲ. ಆದ್ರೆ ನಾನು ಸರಿ ಇದೆ ಅಂದ್ರೆ ಮಾತ್ರ ಅವರು ತಗೊಳ್ಳೋಕಾಗೋದು.”

ಹಾಗಾದರೆ ಸರ್ವಸ್ವವೂ ಈ ಒಬ್ಬನ ನಾಲಿಗೆಯ ಮೇಲೆ ನಿಂತಿದೆ. ಉಮಾಶಂಕರ ಟೊಂಕ ಕಟ್ಟಿದ.

“ನೋಡಿ, ಈ ಹಿಂದಿನ ಗೋಡೆ ಹಳೇ ಬಾವಿ ಮುಚ್ಚಿ ಕಟ್ಟಿದ್ದು. ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಕೂರುತ್ತೆ. ಎಷ್ಟೋ ವರ್ಷದಿಂದ ಇಲ್ಲೇ ಇದ್ದೀನಿ, ನನಗಿಂತ ಚೆನ್ನಾಗಿ ಯಾರಿಗ್ಗೊತ್ತು?”

ಆತನ ಬೆರಳು ಮೊದಲ ಸಲ ನಿಂತಿತು. ಕಬ್ಬಿಣ ಕಾದಿತ್ತು. ಉಮಾಶಂಕರ ಬಡಿದೇ ಬಿಟ್ಟ.

“ಮೇಲೆ ದಾಯಾದಿಗಳ ಕೇಸು. ಕೋರ್ಟಿಂದ ಸ್ಟೇ ತಂದಿದ್ದಾರೆ. ತಗೊಳ್ಳೋರು ಯಾರೋ ಏನೋ, ಪಾಪ, ಅವರನ್ನ ಹಾಳುಬಾವಿಗೆ ತಳ್ಳಬೇಡಿ.”

“ನೀವು ಹೇಳಿದ್ದು ಒಳ್ಳೇದಾಯ್ತು ಸಾರ್,” ಎಂದು ಆತ ಕೈಮುಗಿದು ಹೊರಟುಹೋದ.

ಸಂಜೆ ಲತಾಮಣಿ ಶಾಲೆಯಿಂದ ಬರುವಷ್ಟರಲ್ಲಿ ಉಮಾಶಂಕರ ತಾನೇ ಕಾಫಿ ಮಾಡಿಟ್ಟಿದ್ದ. ಅವಳ ಕೈಗೆ ಲೋಟ ಕೊಟ್ಟು, ಗೋಡೆ ತಟ್ಟಿದವನ ದನಿ ಒಂದು, ತನ್ನ ದನಿ ಒಂದು ಮಾಡಿ ಎಲ್ಲವನ್ನೂ ಅಭಿನಯಿಸಿ ತೋರಿಸಿದ. ಬಾವಿಯ ಮಾತು ಬಂದಾಗ ಅವಳು ಲೋಟ ಕೆಳಗಿಟ್ಟಳು. ಸ್ಟೇ ಎಂದಾಗ ಕುರ್ಚಿ ಹುಡುಕಿ ಕೂತಳು.

“ಇನ್ನು ಈ ಮನೆ ತಂಟೆಗೆ ಯಾರೂ ಬರಲ್ಲ ಕಣೇ!” ಎಂದ ಉಮಾಶಂಕರ. “ಯಾಕೆ, ಬೆಲೆ ಇಳೀತಾ ಅಂತ ಕೇಳಲ್ವಾ ಇವತ್ತು?”

“ಬೆಲೆ ಇಳಿದಿದ್ದಕ್ಕೇ ರೀ ನಾನು ದೇವೀರಪ್ಪನವರ ಹತ್ರ ಅಗ್ರಿಮೆಂಟ್ ಮಾಡ್ಕೊಂಡಿದ್ದು, ಇವತ್ತು ಬಂದೋರು ನನಗೆ ಸಾಲ ಕೊಡಬೇಕಿದ್ದ ಬ್ಯಾಂಕಿನ ಇಂಜಿನಿಯರ್ರು!”